ದುಂಡಗಿರದ ಕೆಂಪು ಚುಕ್ಕೆ

ಪಿಸ್ತೂಲನ್ನು ಒಂದೇ ಒಂದು ಸಲವೂ ಕೈಯಲ್ಲಿ ಹಿಡಿಯದೆ, ಅದರ ಮೇಲೆ ಗುರಿ ಹಿಡಿಯುವ ಯಾವ ಸೈಟ್ ಕೂರಿಸಬೇಕು ಎಂದು ನಿರ್ಧರಿಸಿದವಳು ನಾನು. ಹೇಳಿದರೆ ಜನ ನಗುತ್ತಾರೆ. ನಾನೂ ಬಹಳ ಕಾಲ ಇದನ್ನು ಸ್ನೇಹಿತರ ಮನೆಯ ಊಟಗಳಲ್ಲಿ ತಮಾಷೆಯ ಪ್ರಸಂಗವಾಗಿಯೇ ಹೇಳಿಕೊಂಡು ಬಂದೆ, ಯಾವಾಗಲೂ ಅರ್ಧಕ್ಕೆ ನಿಲ್ಲಿಸಿ. ಉಳಿದ ಅರ್ಧವೂ ಸೇರಿದ್ದು ಇದು.

ಅಮೆರಿಕದಲ್ಲಿ ಬ್ಯಾಂಕುಗಳು ಒಂದರ ಹಿಂದೆ ಒಂದು ಮುಳುಗಿದ ವರ್ಷ ಕಳೆದು ಮುಂದಿನ ಚಳಿಗಾಲ. ನ್ಯೂಜೆರ್ಸಿಯ ಮಾನ್ಮತ್ ಜಂಕ್ಷನ್ ಹತ್ತಿರದ ಒಂದು ಸಣ್ಣ ಲ್ಯಾಬಿನಲ್ಲಿ ನಾನು ಲೆನ್ಸು, ಲೇಸರುಗಳ ಪರೀಕ್ಷೆ ಮಾಡುತ್ತಿದ್ದೆ. ನಮ್ಮ ಗಿರಾಕಿಗಳೆಲ್ಲ ಟೆಲಿಕಾಂ ಕಂಪನಿಗಳು. ಅವರು ಒಬ್ಬೊಬ್ಬರಾಗಿ ಫೋನ್ ಎತ್ತುವುದನ್ನೇ ನಿಲ್ಲಿಸಿದ್ದರು. ಹನ್ನೊಂದು ಜನರಿದ್ದ ಲ್ಯಾಬಿನಲ್ಲಿ ಐವರು ಉಳಿದಿದ್ದೆವು. ನನ್ನ ಎಚ್-ಒನ್ ಕೆಲಸದ ವೀಸಾ ಬೇಸಿಗೆಗೆ ಮುಗಿಯುವುದಿತ್ತು. ಅದನ್ನು ಮುಂದುವರಿಸುವ ಅರ್ಜಿಗೆ ಲ್ಯಾಬಿನ ನಿರ್ದೇಶಕರು ಸಹಿ ಹಾಕಬೇಕಿತ್ತು. ಆ ಕಾಗದ ಅವರ ಮೇಜಿನ ಎಡಗಡೆಯ ರಾಶಿಯಲ್ಲಿ ಎಷ್ಟನೆಯದಾಗಿ ಕೂತಿದೆ ಎಂದು ಬಾಗಿಲಲ್ಲಿ ನಿಂತೇ ಹೇಳಬಲ್ಲವಳಾಗಿದ್ದೆ.

ಅಂಥ ಹೊತ್ತಿನಲ್ಲಿ ಬಂದ ಕೆಲಸ ಇದು. ಗೋದಾಮು, ಔಷಧ ಕಾರ್ಖಾನೆಗಳಿಗೆ ಕಾವಲುಗಾರರನ್ನು ಒದಗಿಸುವ ಒಂದು ಸೆಕ್ಯುರಿಟಿ ಕಂಪನಿಗೆ ಹೊಸ ಗುತ್ತಿಗೆ ಸಿಕ್ಕಿತ್ತು. ಗುತ್ತಿಗೆ ಕೊಟ್ಟವರು ಬಂದೂಕುಧಾರಿ ಗಾರ್ಡುಗಳ ಗುರಿ ಪರೀಕ್ಷೆಯ ಪಾಸ್ ಅಂಕವನ್ನು ಏರಿಸಿದ್ದರು. ಗಾರ್ಡುಗಳಲ್ಲಿ ಹಲವರು ಐವತ್ತು ದಾಟಿದವರು. ಪಿಸ್ತೂಲಿನ ಮಾಮೂಲಿ ಕಬ್ಬಿಣದ ಸೈಟಿನಲ್ಲಿ ಹಿಂದಿನ ಕಚ್ಚು, ಮುಂದಿನ ಕಡ್ಡಿ, ದೂರದ ಗುರಿ ಮೂರನ್ನೂ ಒಂದೇ ಗೆರೆಗೆ ತಂದು, ಆ ಮುಂದಿನ ಕಡ್ಡಿಯ ಮೇಲೆ ಕಣ್ಣು ನೆಡಬೇಕು. ವಯಸ್ಸಾದಂತೆ ಕಣ್ಣಿಗೆ ಮೊದಲು ಕೈಕೊಡುವುದೇ ಆ ಕಡ್ಡಿ. ರೆಡ್ ಡಾಟ್ ಸೈಟಿನಲ್ಲಿ ಈ ರಗಳೆ ಇಲ್ಲ. ಹೆಬ್ಬೆಟ್ಟಿನಗಲದ ಒಂದು ಗಾಜು, ಅದರಲ್ಲಿ ತೇಲುವ ಒಂದು ಕೆಂಪು ಚುಕ್ಕೆ. ಗುರಿಯನ್ನೇ ನೋಡಬೇಕು, ಚುಕ್ಕೆ ಎಲ್ಲಿ ಕೂತಿದೆಯೋ ಗುಂಡು ಅಲ್ಲಿಗೆ. ಹಳಬರನ್ನು ಉಳಿಸಿಕೊಳ್ಳಬೇಕೆಂದು ಆ ಕಂಪನಿಯ ಮ್ಯಾನೇಜರ್ ನಾಲ್ಕು ಬಗೆಯ ಸೈಟುಗಳನ್ನು ತರಿಸಿ, ಇದರಲ್ಲಿ ಯಾವುದು ಎಂದು ಆರಿಸಿಕೊಡಲು ನಮ್ಮನ್ನು ಕೇಳಿದರು. ಒಳ್ಳೆಯ ಮನುಷ್ಯ. ಆತುರ ಮಾತ್ರ ಸ್ವಲ್ಪ ಹೆಚ್ಚು.

ಬ್ರ್ಯಾಂಡ್ ಹೆಸರು ನೋಡಿ ಯಾರೂ ಮನಸ್ಸು ಮಾಡಬಾರದೆಂದು ಹೆಸರುಗಳ ಮೇಲೆ ಕಪ್ಪು ಟೇಪು ಸುತ್ತಿ, ಅದರ ಮೇಲೆ ಅ, ಆ, ಇ, ಈ ಎಂದು ಬರೆದೆ. ಏ, ಬಿ, ಸಿ, ಡಿ ಎಂದರೆ 'ಏ' ಮೊದಲ ದರ್ಜೆಯದು ಎಂಬ ಭಾವನೆ ಬರುತ್ತದೆ ಎಂದು ನಮ್ಮ ತಂತ್ರಜ್ಞನಿಗೆ ವಿವರಣೆ ಕೊಟ್ಟೆ. ನಿಜ ಹೇಳಬೇಕೆಂದರೆ ಅದು ನನ್ನ ಗೀಳು. ಮೈಸೂರಿನಲ್ಲಿ ನಮ್ಮ ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ. ಕೆಲಸಕ್ಕೆ ಸೇರಿದ ಮೇಲೂ ನನ್ನ ಲಾಗ್ ಪುಸ್ತಕದಲ್ಲಿ ಅಳತೆಗಳು ಇಂಗ್ಲಿಷಿನಲ್ಲಿ, ಅನುಮಾನಗಳು ಕನ್ನಡದಲ್ಲಿ ಇರುತ್ತಿದ್ದವು. ಪಕ್ಕದಲ್ಲಿ ನಿಂತು ಇಣುಕುವವರಿಗೆ ಅಳತೆ ಸಿಗಲಿ, ಅನುಮಾನ ಬೇಡ ಎಂಬ ಲೆಕ್ಕಾಚಾರ.

ಮೊದಲ ವಾರ ಬೆಂಚಿನ ಕೆಲಸ. ಸೈಟನ್ನು ಬಿಗಿದು, ಹಿಂದೆ ಕ್ಯಾಮೆರಾ ಇಟ್ಟು, ಕ್ಯಾಮೆರಾವನ್ನು ಒಂದೊಂದೇ ಮಿಲಿಮೀಟರ್ ಪಕ್ಕಕ್ಕೆ ಸರಿಸುತ್ತ ಹೋಗುವುದು. ತಲೆ ಅಲುಗಿದರೆ ಚುಕ್ಕೆ ಗುರಿಯಿಂದ ಎಷ್ಟು ಸರಿಯುತ್ತದೆ ಎಂದು ಅದರಿಂದ ಗೊತ್ತಾಗುತ್ತದೆ. ಆಮೇಲೆ ರಾತ್ರಿಯಿಡೀ ಫ್ರೀಜರಿನಲ್ಲಿಟ್ಟು ಬೆಳಿಗ್ಗೆ ತೆಗೆದು ಮತ್ತೆ ಅದೇ ಅಳತೆ. ಬಿಸಿ ಪೆಟ್ಟಿಗೆಯಲ್ಲಿಟ್ಟು ಮತ್ತೆ. 'ಈ' ಎಂಬುದಕ್ಕೆ ಬ್ಯಾಟರಿಯೇ ಇಲ್ಲ, ಹೊರಗಿನ ಬೆಳಕನ್ನೇ ಕುಡಿದು ಹೊಳೆಯುವಂಥದು. ಗೋದಾಮಿನಲ್ಲಿರುವಂಥ ಟ್ಯೂಬ್‌ಲೈಟಿನ ಕೆಳಗೆ ಅದರ ಚುಕ್ಕೆ ಮಂಕಾಗಿ ಕಾಣೆಯಾಯಿತು. ಅಲ್ಲಿಗೆ ಅದರ ಕಥೆ ಮುಗಿಯಿತು. ಎಲ್ಲ ಸೈಟುಗಳೊಳಗೂ ನಾನು ಕಣ್ಣಿಟ್ಟು ನೋಡಿದೆ. ನನಗೆ ಆಗ ಮೂವತ್ತೆರಡು. ನಾಲ್ಕರಲ್ಲೂ ಚುಕ್ಕೆ ಸೂಜಿಮಲ್ಲಿಗೆ ಮೊಗ್ಗಿನ ತುದಿಯಷ್ಟು ಅಚ್ಚುಕಟ್ಟಾಗಿ ಕಂಡಿತು.

ಎರಡನೇ ವಾರ ಗುಂಡು ಹಾರಿಸುವ ಕೆಲಸ, ಸೆಕ್ಯುರಿಟಿ ಕಂಪನಿಯವರು ಬಾಡಿಗೆಗೆ ಹಿಡಿದಿದ್ದ ಒಂದು ಒಳಾಂಗಣ ಶೂಟಿಂಗ್ ರೇಂಜಿನಲ್ಲಿ. ಬಾಗಿಲಲ್ಲೇ ಅಲ್ಲಿನ ತರಬೇತುದಾರ ಒಂದು ಫಾರಂ ಕೊಟ್ಟ. ಪೌರತ್ವವೇ, ಗ್ರೀನ್ ಕಾರ್ಡೇ ಎಂಬಲ್ಲಿ ನಾನು ವೀಸಾ ಎಂದು ಬರೆದೆ. ಅವನು ಓದಿ ಸಂಕೋಚದಿಂದಲೇ ಹೇಳಿದ, ಈ ವೀಸಾದಲ್ಲಿರುವವರು ಬಂದೂಕು ಮುಟ್ಟುವುದಕ್ಕೆ ಕಾನೂನು ಒಪ್ಪುವುದಿಲ್ಲ, ನೀವು ನೆಲದ ಹಳದಿ ಗೆರೆಯ ಹಿಂದೆಯೇ ಇರಬೇಕು ಎಂದು. ಪರೀಕ್ಷೆಯ ಮುಖ್ಯಸ್ಥೆ ನಾನು, ಪರೀಕ್ಷೆಯ ವಸ್ತುವನ್ನು ಮುಟ್ಟುವ ಹಾಗಿಲ್ಲ! ಕಿವಿಗೆ ಸದ್ದು ತಡೆಯುವ ಮಫ್ ಹಾಕಿಕೊಂಡು, ಎದೆಗೆ ಕ್ಲಿಪ್‌ಬೋರ್ಡ್ ಒತ್ತಿಕೊಂಡು ಗೆರೆಯ ಹಿಂದೆ ನಿಂತೆ. ಬೇರೆಯವರ ಕೈ, ಬೇರೆಯವರ ಕಣ್ಣು, ಅವರು ಹೇಳುವ ಮಾತು, ಇಷ್ಟನ್ನೇ ನಂಬಬೇಕಾದ ಪರಿಸ್ಥಿತಿ. ಅದಕ್ಕೆಂದೇ ಐದು ಪ್ರಶ್ನೆಗಳ ಒಂದು ಹಾಳೆ ಮಾಡಿದ್ದೆ. ಪ್ರತಿ ಹತ್ತು ಗುಂಡಿಗೊಮ್ಮೆ ಕೇಳಿ ಬರೆದುಕೊಳ್ಳಬೇಕು. ಮೊದಲನೆಯದು, ಚುಕ್ಕೆ ತಟ್ಟನೆ ಸಿಕ್ಕಿತೇ. ಎರಡನೆಯದು, ಚುಕ್ಕೆ ದುಂಡಗೆ ಕಾಣುತ್ತಿದೆಯೇ.

ಗುಂಡು ಹಾರಿಸಲು ಮೂವರು ಬಂದರು. ಮೊದಲಿನವನು ಆ ತರಬೇತುದಾರನೇ, ಇನ್ನೊಬ್ಬಳು ನನ್ನ ವಯಸ್ಸಿನ ಗಾರ್ಡ್. ಮೂರನೆಯವರು ಮಾತ್ರ ಐವತ್ತು ದಾಟಿದವರು. ಆ ಕಂಪನಿಯಲ್ಲಿದ್ದ ಹಿರಿಯರೆಲ್ಲರ ಪರವಾಗಿ ಅವರೊಬ್ಬರೇ. ಮೊದಲ ದಿನ ಅವರು ಗುರಿಯ ಹಾಳೆಯನ್ನು ಹತ್ತಿರ ಎಳೆಸಿಕೊಂಡು ತೂತುಗಳನ್ನು ಬೆರಳಿಟ್ಟು ಕನ್ನಡದಲ್ಲಿ ಎಣಿಸುತ್ತಿದ್ದರು, "ಒಂದು, ಎರಡು, ಮೂರು…" ಮಫ್ ತೆಗೆದು ಕೇಳಿಸಿಕೊಂಡು ನಾನು ಯಾವ ಊರು ಅಂಕಲ್ ಎಂದೆ. ಅವರ ಮುಖ ಅರಳಿದ್ದನ್ನು ಈಗಲೂ ಬರೆಯಬಲ್ಲೆ. ಧಾರವಾಡದ ಕಡೆಯವರು. ಸೈನ್ಯದಲ್ಲಿದ್ದು ನಿವೃತ್ತರಾಗಿ, ಮಗಳ ಮೂಲಕ ಇಲ್ಲಿಗೆ ಬಂದು, ಪೌರತ್ವ ಪಡೆದು, ಅರವತ್ತೊಂದರ ವಯಸ್ಸಿನಲ್ಲಿ ಒಂದು ಔಷಧ ಗೋದಾಮಿನ ಗೇಟು ಕಾಯುತ್ತಿದ್ದರು. ಇಲ್ಲಿ ತಮ್ಮನ್ನು 'ಸರ್' ಎಂದು ಕರೆಯುವುದು ಆ ಸಮವಸ್ತ್ರವನ್ನು ನೋಡಿ ಮಾತ್ರ ಎಂದು ನಗುತ್ತ ಹೇಳಿದರು. ಹಳೆಯ ಕಬ್ಬಿಣದ ಸೈಟಿನಲ್ಲಿ ಅವರು ಹೊಸ ಅಂಕದ ಅಂಚಿನಲ್ಲಿ ಹೇಗೋ ಪಾಸಾಗುತ್ತಿದ್ದರು. ಹೊಸ ಸೈಟು ಸರಿಹೋದರೆ ನಿಶ್ಚಿಂತೆ. ಹೋಗದಿದ್ದರೆ ಆ ವರ್ಷ ನ್ಯೂಜೆರ್ಸಿಯಲ್ಲಿ ಅರವತ್ತೊಂದರವರಿಗೆ ಇನ್ನೊಂದು ಕೆಲಸ ಎಲ್ಲಿತ್ತು?

ಮಾರನೆಯ ದಿನದಿಂದ ಅವರು ಫ್ಲಾಸ್ಕಿನಲ್ಲಿ ನನಗೂ ಚಹಾ ತರತೊಡಗಿದರು. ನಾವು ಗೋಡೆಯ ಪಕ್ಕದ ಬೆಂಚಿನ ಮೇಲೆ, ನನ್ನ ಲಾಗ್ ಪುಸ್ತಕ ತೆರೆದೇ ಇರುವಾಗ, ಕೂತು ಕುಡಿಯುತ್ತಿದ್ದೆವು. ವೀಸಾ ವಿಷಯವನ್ನೂ ಆ ಬೆಂಚಿನ ಮೇಲೆಯೇ ಹೇಳಿದ್ದೆ. ಅಪ್ಪನ ಹತ್ತಿರ ಹೇಳದಿದ್ದ ಎಷ್ಟೋ ಸಂಗತಿಗಳನ್ನು ಅವರ ಹತ್ತಿರ ಹೇಳಿದೆ.

ಪಿಸ್ತೂಲಿನ ಮೇಲ್ಭಾಗದ ಸ್ಲೈಡ್ ಪ್ರತಿ ಗುಂಡಿಗೂ ಹಿಂದಕ್ಕೆ ಮುಂದಕ್ಕೆ ಅಪ್ಪಳಿಸುತ್ತದೆ. ಸೈಟು ಕೂರುವುದು ಅದರ ಮೇಲೆಯೇ, ಹಿಂಬದಿಯ ಕಚ್ಚನ್ನು ತೆಗೆದು ಆ ಜಾಗಕ್ಕೆ ಒಂದು ತಟ್ಟೆ ಬಿಗಿದು. 'ಆ' ಮುನ್ನೂರು ಗುಂಡಿಗೇ ಸೋತಿತು. ಸ್ಕ್ರೂಗಳಿಗೆ ನೀಲಿ ಅಂಟು ಹಾಕಿದ್ದರೂ ಒಂದು ಸ್ಕ್ರೂ ತುಂಡಾಯಿತು, ಚುಕ್ಕೆ ಒಂದು ಗೇಣು ಬಲಕ್ಕೆ ಸರಿದಿತ್ತು. ಉಳಿದದ್ದು 'ಅ' ಮತ್ತು 'ಇ'. 'ಅ'ದಲ್ಲಿ ಚುಕ್ಕೆ ದೊಡ್ಡದು, ಬೆಳಕನ್ನು ಗುಂಡಿ ಒತ್ತಿ ಹೆಚ್ಚು ಕಡಿಮೆ ಮಾಡಬೇಕು, ಬ್ಯಾಟರಿ ಬದಲಿಸಲು ಸೈಟನ್ನೇ ಬಿಚ್ಚಿ ಮತ್ತೆ ಗುರಿ ಹೊಂದಿಸಬೇಕು. 'ಇ' ನಾಜೂಕಾದದ್ದು. ಚುಕ್ಕೆ ಚಿಕ್ಕದು, ಹಗುರ, ಗುಂಡಿಗಳೇ ಇಲ್ಲ. ಸುತ್ತಲಿನ ಬೆಳಕಿಗೆ ತಕ್ಕಂತೆ ತಾನೇ ಹೊಳಪನ್ನು ಹೊಂದಿಸಿಕೊಳ್ಳುತ್ತದೆ. ಐನೂರು ಗುಂಡಿನ ನಂತರವೂ ಕೂದಲೆಳೆಯಷ್ಟು ಸರಿದಿರಲಿಲ್ಲ. ಅಳತೆಯ ಹಾಳೆಗಳಲ್ಲಿ ಅದೇ ಮುಂದು. ಎರಡನೇ ದಿನದ ಕೊನೆಗೆ ಲಾಗ್ ಪುಸ್ತಕದಲ್ಲಿ ಕನ್ನಡದಲ್ಲಿ ಬರೆದೆ: "ಇ ಗೆದ್ದರೆ ಸಾಕು. ವರದಿ ಸಲೀಸು. ಡೈರೆಕ್ಟರ್ ಖುಷಿ."

ಮೂರನೇ ದಿನ ಮ್ಯಾನೇಜರ್ ತಾವೇ ಬಂದು ನನ್ನ ಮಗ್ಗುಲಲ್ಲಿ ನಿಂತರು. ಉಳಿದಿದ್ದ ಆ ಎರಡು ಸೈಟುಗಳು ಅಂಕಲ್ ಕೈಗೆ ಬಂದದ್ದು ಅವತ್ತೇ. ಮೊದಲು 'ಅ' ಹಿಡಿದರು. ಹಾರಿಸುವ ಮುಂಚೆ ಗುಂಡಿಯನ್ನು ಎರಡು ಸಲ ಒತ್ತಿ ಬೆಳಕು ಇಳಿಸಿದರು. ಹದಿನೈದು ಗಜದಲ್ಲಿ ಹತ್ತರಲ್ಲಿ ಒಂಬತ್ತು ಅಂಗೈಯಗಲದಲ್ಲಿ. ಹೇಗಿದೆ ಎಂದರೆ ಅಡ್ಡಿಯಿಲ್ಲ ಎಂದರು. ಆಮೇಲೆ 'ಇ'. ಏಳು ಅಂಗೈಯಗಲದಲ್ಲಿ ಬಿದ್ದವು, ಮೂರು ಎಡಕ್ಕೆ ಕೆಳಗೆ ದೂರ ಹೋದವು. ನಡುವೆ ಅವರು ಪಿಸ್ತೂಲನ್ನು ಮೇಜಿನ ಮೇಲಿಟ್ಟು, ಔಷಧದಂಗಡಿಯಲ್ಲಿ ಕಣ್ಣಿನ ಪರೀಕ್ಷೆಯಿಲ್ಲದೆ ಸಿಗುವ ಅಗ್ಗದ ಓದುವ ಕನ್ನಡಕ ತೆಗೆದು, ಅಂಗಿಯ ತುದಿಯಲ್ಲಿ ಒರೆಸಿ, ಮತ್ತೆ ಹಾಕಿಕೊಂಡರು. ನಾನು ನೋಡಿದೆ. ನೋಡಲಿಲ್ಲ ಎಂದು ಹೇಳಲಾರೆ.

ಮೊದಲ ಪ್ರಶ್ನೆ ಕೇಳಿದೆ. ಸಿಗತೈತಿ ಎಂದರು. ಎರಡನೇ ಪ್ರಶ್ನೆ ನಾಲಿಗೆಯ ತುದಿಗೆ ಬಂದು ನಿಂತಿತು. ಪಕ್ಕದಲ್ಲಿ ಅವರ ಅನ್ನ ಕೊಡುವ ಮ್ಯಾನೇಜರ್. ನಾಲ್ಕು ಜನರ ಮುಂದೆ ಹಿರಿಯರ ಕಣ್ಣು, ಕಿವಿ, ಹಲ್ಲಿನ ಮಾತು ಎತ್ತುವುದನ್ನು ನಮ್ಮ ಮನೆಯಲ್ಲಿ ಯಾರೂ ಕಲಿಸಿರಲಿಲ್ಲ. ಆ ಇಬ್ಬರು ಕಿರಿಯರಿಗೆ ಪ್ರತಿ ಸಲವೂ ತಪ್ಪದೆ ಕೇಳಿದ ಪ್ರಶ್ನೆಯನ್ನು ಅವರಿಗೆ ಕೇಳದೆ, ಸುಮ್ಮನೆ, "ಹೇಗಿದೆ ಅಂಕಲ್?" ಎಂದೆ.

"ಎಲ್ಲಾದ್ರಕಿಂತ ಇದ ಛಲೋ ಐತವ್ವಾ," ಎಂದು ಅವರು ಮೊದಲು ನನಗೆ ಕನ್ನಡದಲ್ಲಿ ಹೇಳಿ, ಆಮೇಲೆ ಮ್ಯಾನೇಜರ್ ಕಡೆ ತಿರುಗಿ ಅದನ್ನೇ ಇಂಗ್ಲಿಷಿನಲ್ಲಿ ಹೇಳಿದರು.

ದುಂಡಗಿದೆಯೇ ಎಂಬ ಚೌಕದಲ್ಲಿ ಹೌದು ಎಂದು ಟಿಕ್ ಹಾಕಿದೆ. ದೂರ ಹೋದ ಮೂರು ಗುಂಡುಗಳ ಪಕ್ಕದಲ್ಲಿ 'ಚಳಿಗೆ ಕೈ ಮರಗಟ್ಟಿತ್ತು, ಲೆಕ್ಕಕ್ಕಿಲ್ಲ' ಎಂದು ಬರೆದೆ. ರೇಂಜಿನಲ್ಲಿ ಹೀಟರ್ ಇತ್ತು. ಅವತ್ತು ಅಲ್ಲಿ ಯಾರ ಕೈಯೂ ಮರಗಟ್ಟಿರಲಿಲ್ಲ.

ಕರಡು ವರದಿ ಓದಿದ ನಿರ್ದೇಶಕರು ಒಂದೇ ಒಂದು ಪ್ರಶ್ನೆ ಕೇಳಿದರು. ಐವತ್ತು ದಾಟಿದವರ ಅಂಕಣದಲ್ಲಿ ಒಬ್ಬರೇ ಇದ್ದಾರಲ್ಲ, ಇನ್ನಿಬ್ಬರನ್ನು ಕರೆಸಬೇಕೇ, ಎರಡು ವಾರ ಹೆಚ್ಚು ಹಿಡಿದರೂ ಮ್ಯಾನೇಜರ್ ಜೊತೆ ನಾನು ಮಾತಾಡುತ್ತೇನೆ ಎಂದರು. ಅವರು ಕೇಳಿದ್ದು ಸರಿಯಾಗಿಯೇ ಇತ್ತು. ನನ್ನ ಅರ್ಜಿ ಅಷ್ಟು ಹೊತ್ತಿಗೆ ರಾಶಿಯ ಮೇಲ್ತುದಿಗೆ ಬಂದಿತ್ತು. ಬೇಡ, ಫಲಿತಾಂಶ ಸ್ಪಷ್ಟವಾಗಿದೆ ಎಂದೆ. ಅವರು ವರದಿಗೆ ಸಹಿ ಹಾಕಿದರು. ಮಧ್ಯಾಹ್ನ ಅರ್ಜಿಗೂ ಹಾಕಿದರು.

ಕಂಪನಿ 'ಇ' ಕೊಂಡಿತು. ಎಲ್ಲ ಪಿಸ್ತೂಲುಗಳ ಹಿಂದಿನ ಕಚ್ಚು ತೆಗೆದು ತಟ್ಟೆ ಬಿಗಿದರು, ಹಳೆಯ ಸೈಟಿಗೆ ಮರಳುವ ದಾರಿ ಉಳಿಯಲಿಲ್ಲ. ಆರು ವಾರ ಅಭ್ಯಾಸ, ಆಮೇಲೆ ಪರೀಕ್ಷೆ. ಆ ದಿನಗಳಲ್ಲಿ ಅಂಕಲ್ ಒಮ್ಮೆ ಫೋನ್ ಮಾಡಿ ನನ್ನ ಕಾಗದದ ವಿಚಾರ ಕೇಳಿದ್ದರು. ತಮ್ಮ ಅಭ್ಯಾಸದ ವಿಚಾರ ಕೇಳಿದಾಗ ನಡದೈತಿ ಎಂದಷ್ಟೇ ಹೇಳಿದರು.

ಮೇ ತಿಂಗಳ ಒಂದು ಬೆಳಿಗ್ಗೆ ಮ್ಯಾನೇಜರ್ ಫೋನ್ ಮಾಡಿ ನನ್ನನ್ನು ಅಭಿನಂದಿಸಿದರು. ನಿಮ್ಮ ಆಯ್ಕೆ ಅದ್ಭುತ, ಒಬ್ಬರನ್ನು ಬಿಟ್ಟು ಎಲ್ಲರೂ ಪಾಸ್ ಎಂದರು. ಯಾರು ಎಂದು ಕೇಳುವ ಮೊದಲೇ ನನಗೆ ಗೊತ್ತಾಗಿತ್ತು. ಮೂರು ಅವಕಾಶ ಕೊಟ್ಟರಂತೆ. ಮೂರರಲ್ಲೂ ಫೇಲ್. ಇನ್ನಿಬ್ಬರು ಹಿರಿಯರೂ ತಿಣುಕಾಡಿ ಪಾಸಾಗಿದ್ದರು. ಬಂದೂಕಿಲ್ಲದ ಪೋಸ್ಟ್ ಯಾವುದೂ ಖಾಲಿ ಇರಲಿಲ್ಲವಾದ್ದರಿಂದ ಅವರನ್ನು ಮನೆಗೆ ಕಳಿಸಿದ್ದಾಯಿತು, ಪಾಪ, ವಯಸ್ಸಾಯಿತಲ್ಲ ಎಂದರು ಮ್ಯಾನೇಜರ್. ನಾನು ಥ್ಯಾಂಕ್ಯೂ ಎಂದು ಫೋನ್ ಇಟ್ಟೆ. ಏಕೆ ಥ್ಯಾಂಕ್ಯೂ ಅಂದೆನೋ ಇವತ್ತಿಗೂ ಅರ್ಥವಾಗಿಲ್ಲ.

ಅವತ್ತೇ ಪಕ್ಕದ ಊರು ಪಿಸ್ಕಾಟವೇಯಲ್ಲಿ ನನಗೆ ಪರಿಚಯವಿದ್ದ ಒಬ್ಬ ಕಣ್ಣಿನ ಡಾಕ್ಟರ್ ಹತ್ತಿರ ಹೋಗಿ, ಅವರು ಕನ್ನಡಕ ಪರೀಕ್ಷೆಗೆ ಬಳಸುವ ಲೆನ್ಸಿನ ಪೆಟ್ಟಿಗೆಯಿಂದ ಕೆಲವನ್ನು ಕೇಳಿ ತಂದೆ. ಎಷ್ಟೋ ಜನರ ಕಣ್ಣಿನ ಮುಂಭಾಗ ಪೂರ್ತಿ ಚೆಂಡಿನಂತಿರದೆ ಒಂದು ಕಡೆ ತುಸು ಚಪ್ಪಟೆಯಾಗಿರುತ್ತದೆ. ಪುಸ್ತಕ ಓದಲು, ಬಸ್ಸಿನ ಬೋರ್ಡು ನೋಡಲು ಅದರಿಂದ ದೊಡ್ಡ ತೊಂದರೆಯಿಲ್ಲ. ಆದರೆ ಕತ್ತಲಲ್ಲಿ ಹೊಳೆಯುವ ಸಣ್ಣ ಚುಕ್ಕೆ ಅಂಥ ಕಣ್ಣಿಗೆ ಚುಕ್ಕೆಯಾಗಿ ಕಾಣುವುದಿಲ್ಲ. ಆ ದೋಷವನ್ನು ಅನುಕರಿಸುವ ಲೆನ್ಸನ್ನು ನನ್ನ ಕ್ಯಾಮೆರಾದ ಮುಂದಿಟ್ಟು 'ಇ' ಹಚ್ಚಿದೆ. ಪರದೆಯ ಮೇಲೆ ಎಡಕ್ಕೆ ಕೆಳಗೆ ಬಾಲ ಎಳೆದುಕೊಂಡ ಒಂದು ಕೆಂಪು ಗೀಟು. ಬೆಳಕು ಇಳಿಸೋಣವೆಂದರೆ ಅದಕ್ಕೆ ಗುಂಡಿಯೇ ಇಲ್ಲ. 'ಅ' ಇಟ್ಟು ಗುಂಡಿಯನ್ನು ಎರಡು ಸಲ ಒತ್ತಿದೆ. ಬಾಲ ಮುದುಡಿ, ಚುಕ್ಕೆ ಬಹುಮಟ್ಟಿಗೆ ದುಂಡಗಾಯಿತು. ಅಂಕಲ್ ಏಕೆ ಬೆಳಕು ಇಳಿಸಿದ್ದರು, ಆ ಮೂರು ಗುಂಡುಗಳು ಏಕೆ ಎಡಕ್ಕೆ ಕೆಳಗೆ ಹೋದವು, ಎಲ್ಲ ಪರದೆಯ ಮೇಲಿತ್ತು. ಇಡೀ ಪರೀಕ್ಷೆಗೆ ಹಿಡಿದದ್ದು ಇಪ್ಪತ್ತು ನಿಮಿಷ. ಮೊದಲ ವಾರವೇ ಮಾಡಬಹುದಿತ್ತು. ಅಥವಾ ಒಂದು ಪ್ರಶ್ನೆ ಕೇಳಿದ್ದರೆ ಇದೂ ಬೇಕಿರಲಿಲ್ಲ.

ಅಂಕಲ್ ಮನೆಗೆ ಫೋನ್ ಮಾಡಿದರೆ ಅವರ ಹೆಂಡತಿ ಎತ್ತಿ, ಅವರು ನ್ಯೂಯಾರ್ಕ್ ಕಡೆ ಫ್ಲೋರಲ್ ಪಾರ್ಕ್ ಎಂಬಲ್ಲಿ ಸಂಬಂಧಿಕರ ಅಂಗಡಿಗೆ ಹೋಗುತ್ತಿದ್ದಾರೆ, ವಾರವಿಡೀ ಅಲ್ಲೇ ಇರುತ್ತಾರೆ ಎಂದರು. ಶನಿವಾರ ಡ್ರೈವ್ ಮಾಡಿಕೊಂಡು ಹೋದೆ. ಹಿಲ್‌ಸೈಡ್ ಅವೆನ್ಯೂ ಮೇಲೆ ಪಾತ್ರೆ, ಪೂಜಾ ಸಾಮಾನು ಮಾರುವ ಅಂಗಡಿ. ಅವರು ಬಾಗಿಲ ಬಳಿ ಕುಕ್ಕರುಗಳ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದರು. ಸಮವಸ್ತ್ರವಿಲ್ಲದೆ ನಾನು ಅವರನ್ನು ನೋಡಿದ್ದು ಅದೇ ಮೊದಲು. ಗಿರಾಕಿಯೊಬ್ಬಳು ಅವರನ್ನು ದಾಟಿಕೊಂಡು ಒಳಗೆ ಹೋದಳು, ಅಲ್ಲಿ ಯಾರೂ ಇಲ್ಲವೇನೋ ಎಂಬಂತೆ.

ನನ್ನನ್ನು ಕಂಡು ಅವರು ಸಂತೋಷಪಟ್ಟರು. ಅದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ. ಒಳಗಿನ ಸ್ಟೂಲಿನ ಮೇಲೆ ಕೂರಿಸಿ ಚಹಾ ತರಿಸಿದರು. ನಾನು ಲೆನ್ಸು, ಕ್ಯಾಮೆರಾ, ಗೀಟು ಎಲ್ಲ ವಿವರಿಸಿ, ತಪ್ಪು ಅವರ ಕೈಯದಲ್ಲ, ವಯಸ್ಸಿನದೂ ಅಲ್ಲ ಎಂದು ಹೇಳಿ, ಅವತ್ತು ಕೇಳದಿದ್ದ ಪ್ರಶ್ನೆಯನ್ನು ಕೇಳಿದೆ, ನಿಮಗೆ ಅದರಲ್ಲಿ ನಿಜವಾಗಿ ಏನು ಕಾಣುತ್ತಿತ್ತು ಎಂದು.

"ಹಣಿಮ್ಯಾಲಿನ ಕುಂಕುಮ ಅಳಿಸಿದಂಗ ಕಾಣತಿತ್ತು," ಎಂದರು.

"ಮತ್ತೆ ಎಲ್ಲದಕ್ಕಿಂತ ಇದೇ ಚೆನ್ನಾಗಿದೆ ಅಂದ್ರಲ್ಲ ಅಂಕಲ್?"

ಅವರು ತಮ್ಮ ಲೋಟವನ್ನು ಪಕ್ಕದ ಪೆಟ್ಟಿಗೆಯ ಮೇಲಿಟ್ಟರು. "ಚಾ ಕುಡಿಯೂ ಮುಂದ ನಿನ್ನ ಪುಸ್ತಕ ತೆರದಿತ್ತು. ಕನ್ನಡದಾಗ ಬರದಿದ್ದಿ, ಕಣ್ಣಿಗೆ ಬಿತ್ತು, ಓದಿದೆ. ಇ ಗೆದ್ರ ಸಾಕು ಅಂತ ಇತ್ತು. ದೊಡ್ಡ ಸಾಹೇಬ್ರ ಮುಂದ ನಿನ್ನ ಮಾತು ನಡೀಲಿ ಅಂದೆ. ನನಗೇನು, ದಿನಾ ಹಿಡದ್ರ ರೂಢಿ ಆಗತೈತಿ ಅನಕೊಂಡಿದ್ದೆ."

ಇಡೀ ನ್ಯೂಜೆರ್ಸಿಯಲ್ಲಿ ಯಾರಿಗೂ ಓದಲು ಬರುವುದಿಲ್ಲವೆಂದು ನಾನು ಬರೆದಿಟ್ಟ ಸಾಲನ್ನು, ಓದಬಾರದಿದ್ದ ಒಬ್ಬರೇ ಒಬ್ಬರು ಓದಿದ್ದರು. ನಾನು ಅವರ ಮರ್ಯಾದೆ ಕಾಪಾಡಲೆಂದು ಪ್ರಶ್ನೆ ಕೇಳಲಿಲ್ಲ, ಅವರು ನನ್ನ ಮರ್ಯಾದೆ ಕಾಪಾಡಲೆಂದು ನಿಜ ಹೇಳಲಿಲ್ಲ. ನನಗೆ ಅಳು ಬಂತು. ಅಂಗಡಿಯವರು ನೋಡುತ್ತಾರೆಂದು ಮುಖ ತಿರುಗಿಸಿಕೊಂಡೆ.

ಸೋಮವಾರವೇ ತಿದ್ದುಪಡಿ ಬರೆದು ಕಳಿಸುತ್ತೇನೆ, ಟಿಕ್ ನಾನೇ ಹಾಕಿದ್ದು ಎಂದೂ ಬರೆಯುತ್ತೇನೆ, ನಿಮ್ಮನ್ನು ವಾಪಸು ಕರೆಯಲೇಬೇಕಾಗುತ್ತದೆ ಎಂದೆ. ಆಮೇಲೆ, ಚಹಾದ ಲೋಟ ಕೆಳಗಿಡುತ್ತ, ನನ್ನ ಅರ್ಜಿ ಸರ್ಕಾರದ ಕಚೇರಿಯಲ್ಲಿದೆ, ಇನ್ನೂ ಒಪ್ಪಿಗೆ ಬಂದಿಲ್ಲ, ಇದು ಹೊರಗೆ ಬಿದ್ದು ಲ್ಯಾಬಿನವರು ನನ್ನನ್ನು ತೆಗೆದರೆ ಅರ್ಜಿಯೂ ಹೋಯಿತು ಎಂದೂ ಹೇಳಿದೆ.

ಅವರು ತಕ್ಷಣ ಕೈ ಅಡ್ಡ ಮಾಡಿದರು. "ಹುಚ್ಚಿ ಇದ್ದೀಯೇನು? ಕಾಗದ ಬರೂತನಕ ಸುಮ್ಕಿರು. ಬಂದ ಮ್ಯಾಲೆ ಏನರ ಬರಕೋ. ನಾ ಎಲ್ಲಿ ಓಡಿ ಹೊಕ್ಕೀನಿ?"

ಆ ಸೋಮವಾರ ತಿದ್ದುಪಡಿ ಬರೆದೆ. ಚೆನ್ನಾಗಿಯೇ ಬರೆದೆ. ಪರದೆಯ ಚಿತ್ರಗಳು, ಅಳತೆಗಳು, ಎರಡನೇ ಪ್ರಶ್ನೆಯನ್ನು ಕೇಳದೆಯೇ ಉತ್ತರ ತುಂಬಿದ್ದೇನೆ ಎಂಬ ವಾಕ್ಯ, ಮೂರು ಗುಂಡುಗಳನ್ನು ಕಾರಣವಿಲ್ಲದೆ ಕೈಬಿಟ್ಟಿದ್ದೇನೆ ಎಂಬ ವಾಕ್ಯ. ಬರೆದು ಕಂಪ್ಯೂಟರಿನಲ್ಲಿ ಉಳಿಸಿದೆ, ಕಳಿಸಲಿಲ್ಲ. ದಿನಾ ಬೆಳಿಗ್ಗೆ ತೆರೆದು ಅಲ್ಪವಿರಾಮಗಳನ್ನು ತಿದ್ದಿದೆ. ಹೀಗೆ ಮೂರು ವಾರ. ಒಪ್ಪಿಗೆಯ ಕಾಗದ ಬಂದರೆ, ಲ್ಯಾಬಿನವರು ಹೊರಗೆ ಹಾಕಿದರೂ ಅದನ್ನು ಹಿಡಿದು ಇನ್ನೊಂದು ಕಂಪನಿಯ ಬಾಗಿಲು ತಟ್ಟಬಹುದಿತ್ತು. ಅದಿಲ್ಲದೆ ಸೀದಾ ವಿಮಾನ. ಇದನ್ನು ನೆಪ ಎನ್ನಲಾರೆ, ಅದು ನಿಜವಾದ ಭಯವೇ. ಆದರೆ ಆ ಮೂರು ವಾರ ಕುಕ್ಕರು ಜೋಡಿಸುತ್ತಿದ್ದವಳು ನಾನಲ್ಲ.

ಕಾಗದ ಒಂದು ಗುರುವಾರ ಬಂತು. ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ತಿದ್ದುಪಡಿಯನ್ನು ನಿರ್ದೇಶಕರ ಮುಂದಿಟ್ಟೆ. ಅವರು ಎರಡು ಸಲ ಓದಿದರು. ಕೂಗಾಡುತ್ತಾರೆ ಎಂದುಕೊಂಡಿದ್ದೆ, ಕೂಗಾಡಲಿಲ್ಲ. ಇದು ನಿಮಗೆ ಯಾವಾಗ ತಿಳಿಯಿತು ಎಂದು ಮಾತ್ರ ಕೇಳಿದರು. ಹೇಳಿದೆ. ಹಿಂದಿನ ದಿನ ಬಂದ ಒಪ್ಪಿಗೆಯ ಕಾಗದದ ಪ್ರತಿ ಅವರ ಮೇಜಿನ ಮೇಲೂ ಇತ್ತು. ಅದರ ಮೇಲೆ ಒಮ್ಮೆ ಕಣ್ಣಾಡಿಸಿ, ತಿದ್ದುಪಡಿಯನ್ನು ಸೆಕ್ಯುರಿಟಿ ಕಂಪನಿಗೆ ಅಂದೇ ಕಳಿಸಿಕೊಟ್ಟರು. ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಆದರೆ ಆ ದಿನದ ನಂತರ ನನ್ನ ಹಾಳೆಗಳನ್ನು ಇನ್ನೊಬ್ಬರ ಸಹಿಯಿಲ್ಲದೆ ಸ್ವೀಕರಿಸಲಿಲ್ಲ. ಅದು ನ್ಯಾಯವಾಗಿಯೇ ಇತ್ತು.

ಮ್ಯಾನೇಜರ್ ಮಧ್ಯಾಹ್ನವೇ ಫೋನ್ ಮಾಡಿದರು. ಸಿಟ್ಟಿಗಿಂತ ಹೆಚ್ಚಾಗಿ ಅವರ ದನಿಯಲ್ಲಿ ಬೇಸರವಿತ್ತು. ಐವತ್ತು ದಾಟಿದ ಎಲ್ಲರಿಗೂ 'ಅ' ಕೊಡಿಸುವುದಾಗಿ, ಇನ್ನು ಮುಂದೆ ಸೈಟು ಕೊಡುವ ಮೊದಲು ಕಣ್ಣಿನ ಪರೀಕ್ಷೆ ಮಾಡಿಸುವುದಾಗಿ ಹೇಳಿದರು. ಅಂಕಲ್ ವಿಷಯ ನಾನೇ ಎತ್ತಿದೆ. ಆ ಮನುಷ್ಯನನ್ನು ಕಳೆದುಕೊಳ್ಳಲು ತಮಗೂ ಮನಸ್ಸಿರಲಿಲ್ಲ, ಗೋದಾಮಿನವರಿಗೆ ಏನೇನೋ ಹೇಳಿ ಅವರ ಜಾಗವನ್ನು ಎರಡು ವಾರ ಖಾಲಿ ಇಟ್ಟುಕೊಂಡಿದ್ದೆ, ಹೋದ ವಾರ ಬೇರೆಯವನನ್ನು ಹಾಕಬೇಕಾಯಿತು ಎಂದರು. ಈಗ ಬೇಕಾದರೆ ಹೊಸಬರಂತೆ ಅರ್ಜಿ ಹಾಕಲಿ, ಜಾಗ ಬಂದಾಗ ನೋಡೋಣ, ಮತ್ತೆ ಪರೀಕ್ಷೆಗೆ ನಿಲ್ಲಬೇಕಾಗುತ್ತದೆ.

ಸಂಜೆ ಅಂಕಲ್‌ಗೆ ಫೋನ್ ಮಾಡಿ ಇದನ್ನು ಹೇಳಿದೆ, ಎರಡು ವಾರದ ವಿಷಯವನ್ನೂ ಮುಚ್ಚಿಡದೆ. ಅರ್ಜಿ ನಾನೇ ತುಂಬಿಕೊಡುತ್ತೇನೆ, ಹೊಸ ಕನ್ನಡಕ ಮಾಡಿಸೋಣ, 'ಅ' ಹಿಡಿದರೆ ನೀವು ಅವರೆಲ್ಲರಿಗಿಂತ ಚೆನ್ನಾಗಿ ಹೊಡೆಯುತ್ತೀರಿ ಎಂದು ಗೋಗರೆದೆ. ಆ ಕಡೆಯಿಂದ ಅಂಗಡಿಯ ಶಬ್ದ ಕೇಳುತ್ತಿತ್ತು.

"ಬ್ಯಾಡವ್ವಾ," ಎಂದರು. "ಹುಡುಗರ ಮುಂದ ಮೂರು ಸಲ ಬಿದ್ದೇನಿ. ನಾಕನೇ ಸಲ ಹೋಗಿ ನಿಂದ್ರಾಕ ಆಗಂಗಿಲ್ಲ."

ಆಮೇಲೆ ಅವರೇ ಕೇಳಿದರು, "ನಿನ್ನ ಕಾಗದ ಬಂತೇನು?"

"ಬಂತು ಅಂಕಲ್. ನಿನ್ನೆ."

"ಹಂಗಾರ ಛಲೋ ಆತು ಬಿಡು. ನಾ ಹೇಳಿದ್ದು ಕೇಳಿದ್ಯಲ್ಲ."

ಅವರ ಮಾತಿನಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಅವರೇ ಕಾಯಲು ಹೇಳಿದ್ದರಿಂದ ಕಾದೆ ಎಂದು ಮುಂದೆ ಮದುವೆಯಾದ ಮೇಲೆ ಗಂಡನಿಗೆ ಹೇಳಿದ್ದೇನೆ, ಒಮ್ಮೆ ನಿರ್ದೇಶಕರಿಗೂ ಹೇಳಿದ್ದೇನೆ. ಹಾಗೆ ಹೇಳಿದಾಗಲೆಲ್ಲ ಎಲ್ಲರೂ ಒಪ್ಪಿ ತಲೆಯಾಡಿಸುತ್ತಾರೆ. ಆದರೆ ಆ ಅಂಗಡಿಯಲ್ಲಿ ಚಹಾದ ಲೋಟ ಕೆಳಗಿಟ್ಟು ವೀಸಾದ ಮಾತು ತೆಗೆದವಳು ನಾನು. ತೆಗೆದರೆ ಅವರು ಏನು ಹೇಳುತ್ತಾರೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಅದನ್ನು ಅವರ ಬಾಯಿಂದ ಹೇಳಿಸಿಕೊಂಡೇ ನಾನು ಸ್ಟೂಲಿನಿಂದ ಎದ್ದದ್ದು.